ಬ್ರ್ಯಾಂಡಿನ ಹೆಸರಿಗೆ ಹಣ ತೆರದೆ ಒಳ್ಳೆಯ ಡೌನ್ ಡುವೆಟ್ ಆರಿಸುವುದು ಹೇಗೆ?

ಅಮೆರಿಕ, ಕೆನಡಾದ ಚಳಿಯ ಊರುಗಳಲ್ಲಿ ಡುವೆಟ್ (ಒಳಗೆ ಮೆತ್ತನೆಯ ವಸ್ತು ತುಂಬಿ ಹೊಲಿದ ದಪ್ಪ ಹೊದಿಕೆ) ಕೊಳ್ಳುವಾಗ ಹೆಸರಿಗಿಂತ ಮೊದಲು ಲೇಬಲ್ ಓದಬೇಕು. ಡೌನ್ ಎಂದರೆ ಬಾತು ಅಥವಾ ಹೆಬ್ಬಾತಿನ ಗರಿಗಳ ಅಡಿಯಲ್ಲಿ ಬೆಳೆಯುವ, ಗಟ್ಟಿ ದಂಟಿಲ್ಲದ ತುಪ್ಪುಳು. ಅದರೊಂದಿಗೆ ಸಾಮಾನ್ಯ ಗರಿಯನ್ನು ಹೆಚ್ಚು ಬೆರೆಸಿದಷ್ಟೂ ಹೊದಿಕೆ ಭಾರವಾಗುತ್ತದೆ, ದಂಟುಗಳು ಬಟ್ಟೆಯನ್ನು ಚುಚ್ಚಿಕೊಂಡು ಹೊರಬರುತ್ತವೆ. ಹಾಗಾಗಿ ಡೌನ್ ಶೇ. 90ರಷ್ಟಿರುವುದನ್ನು ಆರಿಸುವುದು ಒಳ್ಳೆಯದು.

ಒಂದು ಔನ್ಸ್ ತುಪ್ಪುಳು ಎಷ್ಟು ಘನ ಅಂಗುಲ ಉಬ್ಬುತ್ತದೆ ಎಂಬುದನ್ನು ಫಿಲ್ ಪವರ್ ಹೇಳುತ್ತದೆ. ಮನೆಯೊಳಗಿನ ಬಳಕೆಗೆ 600ರಿಂದ 700 ಧಾರಾಳವಾಗಿ ಸಾಕು, 800 ದಾಟಿದ ಮೇಲೆ ಹೆಚ್ಚು ಹಣ ಕೊಡುವುದು ಮುಖ್ಯವಾಗಿ ಹಗುರತನಕ್ಕೆ. ಆದರೆ ಆ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ತುಂಬಿದ ತುಪ್ಪುಳಿನ ಒಟ್ಟು ತೂಕ ಕಡಿಮೆಯಿದ್ದರೆ ಚಳಿ ತಡೆಯದು. ಆದ್ದರಿಂದ ಒಂದೇ ಅಳತೆಯ ಡುವೆಟ್‌ಗಳನ್ನು ಹೋಲಿಸುವಾಗ ಎರಡನ್ನೂ ಒಟ್ಟಿಗೆ ನೋಡಬೇಕು. ಫಿಲ್ ಪವರ್ ಮತ್ತು ತೂಕ ಎರಡೂ ಸಮವಾಗಿದ್ದರೆ ಬಾತಿನ ಡೌನ್ ಹೆಬ್ಬಾತಿನದಕ್ಕಿಂತ ಕಡಿಮೆ ಬೆಚ್ಚಗಿರುವುದಿಲ್ಲ, ಬೆಲೆ ಮಾತ್ರ ಸಾಮಾನ್ಯವಾಗಿ ಕಡಿಮೆ.

ಅಂಗಡಿಯಲ್ಲಿ ಹೊಲಿಗೆಯ ಗೆರೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ: ಮೇಲಿನ ಮತ್ತು ಕೆಳಗಿನ ಬಟ್ಟೆ ನೇರವಾಗಿ ಕೂಡಿದ್ದರೆ ಅಲ್ಲಿ ತುಪ್ಪುಳಿಲ್ಲ, ಶಾಖ ಅಲ್ಲಿಂದಲೇ ಸೋರುತ್ತದೆ. ನಡುವೆ ಬಟ್ಟೆಯ ಪಟ್ಟಿ ನಿಲ್ಲಿಸಿ ಹೊಲಿದ ಬ್ಯಾಫಲ್ ಬಾಕ್ಸ್ ಚಳಿಗಾಲಕ್ಕೆ ಮೇಲು. ಹೊರಬಟ್ಟೆ ಒತ್ತಾಗಿ ನೇಯ್ದ ಹತ್ತಿಯದಾಗಿರಲಿ. ಜೀವಂತ ಹಕ್ಕಿಗಳಿಂದ ಗರಿ, ತುಪ್ಪುಳು ಕೀಳುವುದನ್ನು ನಿಷೇಧಿಸುವ ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಪ್ರಮಾಣಪತ್ರವಿದೆಯೇ ಎಂದು ತಪ್ಪದೆ ಕೇಳಿ; ಅಂಗಡಿಗಳ ಸ್ವಂತ ಲೇಬಲ್ಲಿನ ಡುವೆಟ್‌ಗಳಲ್ಲೂ ಅದು ಸಿಗುತ್ತದೆ.