ರೂಲ್ಸ್ ಎಲ್ರಿಗೂ ಒಂದೇ, ಕೆಲಸ ಹೋಗೋದು ಮಾತ್ರ ಹೆಂಗಸರದ್ದೇ ಯಾಕೆ?

ಪ್ರಶ್ನೆ: ನಾನು ಎಂಎ ಎಕನಾಮಿಕ್ಸ್ ಓದ್ತಿದೀನಿ. ಯೂನಿಯನ್ ಗಟ್ಟಿ ಇರೋ ದೇಶಗಳಲ್ಲಿ ಗಂಡಸರಿಗಿಂತ ಹೆಂಗಸರ ಉದ್ಯೋಗಕ್ಕೆ ಜಾಸ್ತಿ ಏಟು ಬೀಳುತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು. ಯೂನಿಯನ್ನು, ಹೆರಿಗೆ ರಜೆ ಇವೆಲ್ಲ ಇರೋದೇ ಕೆಲಸಗಾರರನ್ನ ಕಾಪಾಡೋಕೆ ಅಲ್ವಾ? ಮತ್ತೆ ಹೀಗ್ಯಾಕೆ?

ಉತ್ತರ: ನಿಮ್ಮ ಕ್ಲಾಸಲ್ಲಿ ಹೇಳಿದ್ದಕ್ಕೆ ಆಧಾರ ಇದೆ, ಆದ್ರೆ ಅಷ್ಟಕ್ಕೇ ನಿಲ್ಲಿಸಿದ್ರೆ ತಪ್ಪು ಅರ್ಥ ಬರುತ್ತೆ. ಜುಸೆಪ್ಪೆ ಬರ್ಟೋಲಾ, ಫ್ರಾನ್ಸೀನ್ ಬ್ಲಾವ್, ಲಾರೆನ್ಸ್ ಕಾನ್ ಅಂತ ಮೂರು ಜನ ಅರ್ಥಶಾಸ್ತ್ರಜ್ಞರು 1960ರಿಂದ 1996ರವರೆಗೆ 17 ದೇಶಗಳ ಅಂಕಿಅಂಶ ಇಟ್ಕೊಂಡು ಈ ವಾದ ಮುಂದಿಟ್ರು. ಯೂನಿಯನ್ ಮಾತುಕತೆ ಮಾಡಿ ಸಂಬಳ ಏರಿಸ್ತು ಅನ್ಕೊಳ್ಳಿ, ಮಾಲೀಕ ಒಂದಷ್ಟು ಜನನ್ನ ಕಮ್ಮಿ ಮಾಡ್ತಾನೆ, ಆಗ ಹೊರಗೆ ಹೋಗೋರು ಯಾರು? ನಡುವಯಸ್ಸಿನ ಗಂಡಸಿಗೆ ಕೆಲಸ ಹೋದ್ರೆ ಬೇರೆ ದಾರಿ ಇಲ್ಲ. ಹುಡುಗರು ಇನ್ನೊಂದೆರಡು ವರ್ಷ ಓದ್ಲಿ, ವಯಸ್ಸಾದೋರು ಬೇಗ ಪೆನ್ಷನ್ ತಗೊಳ್ಲಿ, ಹೆಂಗಸರು ಮನೆ ನೋಡ್ಕೊಳ್ಲಿ ಅಂತ ಸಮಾಜ ಮೊದ್ಲೇ ತೀರ್ಮಾನ ಮಾಡ್ಕೊಂಡಿರುತ್ತೆ, ಹಾಗಾಗಿ ಹೊರೆ ಈ ಮೂರು ಗುಂಪಿನ ಮೇಲೇ ಜಾಸ್ತಿ ಬೀಳುತ್ತೆ. ಯೂನಿಯನ್ನಿನೋರನ್ನ ಇದಕ್ಕೆ ಬೈಯೋಕಾಗಲ್ಲ. ಅಲ್ಲಿ ಓಟು ಹಾಕೋರು ಒಳಗಿರೋ ಸದಸ್ಯರು, ಹೊರಗಿರೋರ ಪರ ಮಾತಾಡೋಕೆ ಆ ಟೇಬಲ್ ಹತ್ರ ಯಾರೂ ಕೂತಿರಲ್ಲ.

ಇದರಲ್ಲಿ ನಂಗೆ ತುಂಬಾ ಬೇಜಾರಾಗೋ ವಿಷಯ ಅಂದ್ರೆ ಈ ನಷ್ಟ ನಿರುದ್ಯೋಗದ ಲೆಕ್ಕಕ್ಕೆ ಸರಿಯಾಗಿ ಬರೋದೇ ಇಲ್ಲ. ಕೆಲಸ ಹುಡುಕ್ತಾ ಇದ್ರೆ ಮಾತ್ರ ನಿರುದ್ಯೋಗಿ ಅಂತ ಎಣಿಸ್ತಾರೆ. ಗಂಡಸು ಹುಡುಕ್ತಾನೇ ಇರ್ತಾನೆ, ಹೆಂಗಸು ನಾಲ್ಕು ಕಡೆ ಕೇಳಿ ಸಾಕಾಗಿ ಮನೇಲಿ ಉಳಿದ್ರೆ ಅವಳು ಕಾರ್ಮಿಕ ಬಲದಿಂದಾನೇ (ಕೆಲಸ ಮಾಡೋರು, ಹುಡುಕೋರು ಸೇರಿದ ಲೆಕ್ಕ) ಹೊರಗೆ, ನಿರುದ್ಯೋಗ ದರ ಹಾಗೇ ಚೆನ್ನಾಗಿ ಕಾಣ್ತಿರುತ್ತೆ. ಸಂಬಳದ ಅಂತರಾನೂ ಇದೇ ಥರ ಮೋಸ ಮಾಡುತ್ತೆ. ಇಟಲಿ, ಸ್ಪೇನ್, ಗ್ರೀಸ್‌ನಲ್ಲಿ ಗಂಡಸರು ಹೆಂಗಸರ ಸಂಬಳದ ಅಂತರ ಕಮ್ಮಿ ಅಂತ ಕಾಣ್ತಿತ್ತು, ಒಲಿವೆಟ್ಟಿ ಮತ್ತೆ ಪೆಟ್ರೊಂಗೊಲೊ ಅನ್ನೋ ಅರ್ಥಶಾಸ್ತ್ರಜ್ಞರು 2008ರಲ್ಲಿ ತೋರಿಸಿದ್ದು ಏನಂದ್ರೆ ಕಮ್ಮಿ ಸಂಬಳ ಸಿಗಬೇಕಾಗಿದ್ದ ಎಷ್ಟೋ ಹೆಂಗಸರು ಅಲ್ಲಿ ಕೆಲಸದಲ್ಲೇ ಇಲ್ಲ, ಅವರು ಲೆಕ್ಕದಲ್ಲಿ ಇಲ್ಲದೇ ಇರೋದ್ರಿಂದ ಹೆಂಗಸರ ಸರಾಸರಿ ಸಂಬಳ ಮೇಲಕ್ಕೆ ಹೋಗಿದೆ.

ಹಾಗಂತ ಯೂನಿಯನ್ ಇದ್ರೆ ಹೆಂಗಸರಿಗೆ ಕೆಲಸ ಇಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. ಸ್ವೀಡನ್ ನೋಡಿ, ಯೂನಿಯನ್ ಸದಸ್ಯತ್ವದಲ್ಲೂ ಮುಂದೆ, ಹೆಂಗಸರ ಉದ್ಯೋಗದಲ್ಲೂ ಮುಂದೆ. ಅಲ್ಲಿ 1971ರಲ್ಲೇ ಗಂಡ ಹೆಂಡತಿಗೆ ಬೇರೆ ಬೇರೆ ಟ್ಯಾಕ್ಸ್ ಹಾಕೋಕೆ ಶುರು ಮಾಡಿದ್ರು. ಇಬ್ಬರ ಆದಾಯ ಕೂಡಿಸಿ ಟ್ಯಾಕ್ಸ್ ಹಾಕಿದ್ರೆ ಎರಡನೇ ಸಂಬಳದ ಮೊದಲ ರೂಪಾಯಿಗೇ ಜಾಸ್ತಿ ದರ ಬೀಳುತ್ತೆ, ಆ ಎರಡನೇ ಸಂಬಳ ಬಹಳ ಸಲ ಹೆಂಡತೀದೇ ಆಗಿರುತ್ತೆ, ಜರ್ಮನಿ ಈಗ್ಲೂ ಆ ಪದ್ಧತಿ ಬಿಟ್ಟಿಲ್ಲ. ಸ್ವೀಡನ್‌ನಲ್ಲಿ ಸರ್ಕಾರಿ ಖರ್ಚಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆನೂ ಬಂತು, ಅದೇ ವ್ಯವಸ್ಥೇಲಿ ಎಷ್ಟೋ ಹೆಂಗಸರಿಗೆ ಕೆಲಸಾನೂ ಸಿಕ್ತು. ಅಂದ್ರೆ ಒಂದೇ ನಿಯಮ ಹಿಡ್ಕೊಂಡು ನೋಡಿದ್ರೆ ಏನೂ ಗೊತ್ತಾಗಲ್ಲ, ಪಕ್ಕದಲ್ಲಿ ಬೇರೆ ಏನೇನಿದೆ ಅಂತಾನೂ ನೋಡ್ಬೇಕು.

ಹೆರಿಗೆ ರಜೆ, ಮಕ್ಕಳ ಆರೈಕೆ ವಿಷಯಕ್ಕೆ ಬಂದ್ರೆ ನಾನು ಮೊದಲು ಕೇಳೋದು ದುಡ್ಡು ಯಾರು ಕೊಡ್ತಾರೆ ಅಂತ. ಚಿಲಿಯಲ್ಲಿ ಬಹಳ ಕಾಲದಿಂದ ಬಂದಿರೋ ಒಂದು ನಿಯಮ ಇದೆ, 20 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡೋ ಕಂಪನಿ ಅವರ ಎರಡು ವರ್ಷದೊಳಗಿನ ಮಕ್ಕಳ ಶಿಶುಪಾಲನೆ ಖರ್ಚು ಹೊರಬೇಕು. ಓದೋಕೆ ಎಷ್ಟು ಚೆನ್ನಾಗಿದೆ! ಈಗ 19 ಹೆಂಗಸರಿರೋ ಕಂಪನಿಯ ಎಚ್‌ಆರ್ ಕುರ್ಚೀಲಿ ಕೂತು ಯೋಚ್ನೆ ಮಾಡಿ. ಮುಂದೆ ಒಂದೇ ಥರದ ಎರಡು ಅರ್ಜಿ, ಒಂದು ಗಂಡಸಿಂದು ಒಂದು ಹೆಂಗಸಿಂದು, ಅವಳನ್ನ ತಗೊಂಡ್ರೆ ಅವಳೊಬ್ಬಳ ಮಗೂದು ಮಾತ್ರ ಅಲ್ಲ ಇಪ್ಪತ್ತೂ ಜನರ ಮಕ್ಕಳ ಖರ್ಚು ಒಟ್ಟಿಗೆ ಶುರು. ಇಪ್ಪತ್ತು ದಾಟಿದ ಕಂಪನಿಗಳಲ್ಲಿ ಹೊಸದಾಗಿ ಸೇರೋ ಹೆಂಗಸರ ಆರಂಭದ ಸಂಬಳ ಶೇ 9ರಿಂದ 20ರಷ್ಟು ಕಮ್ಮಿ ಅಂತ ಒಂದು ಅಧ್ಯಯನದಲ್ಲಿ ಸಿಕ್ಕಿದೆ. ಖರ್ಚು ಕಂಪನಿ ಕೊಡ್ತು ಅಂತ ಹೆಸರು, ಕೊನೆಗೆ ಕೊಟ್ಟಿದ್ದು ಹೆಂಗಸರೇ, ಮಕ್ಕಳಿಲ್ಲದೋರೂ ಸೇರಿ.

ಸ್ಪೇನ್‌ನಲ್ಲೂ 1999ರಲ್ಲಿ ಚಿಕ್ಕ ಮಕ್ಕಳಿರೋ ತಂದೆತಾಯಿ ಇಬ್ಬರಿಗೂ ಕೆಲಸದ ಗಂಟೆ ಕಮ್ಮಿ ಮಾಡ್ಕೊಳ್ಳೋ ಹಕ್ಕು ಕೊಟ್ರು. ಕಾನೂನಲ್ಲಿ ಇಬ್ಬರಿಗೂ ಇತ್ತು, ಬಳಸಿದ್ದು ಹೆಚ್ಚುಕಮ್ಮಿ ತಾಯಂದಿರೇ, ಆಮೇಲೆ ಮಕ್ಕಳಾಗೋ ವಯಸ್ಸಿನ ಹೆಂಗಸರನ್ನ ಪರ್ಮನೆಂಟ್ ಕೆಲಸಕ್ಕೆ ತಗೊಳ್ಳೋದಕ್ಕೇ ಕಂಪನಿಗಳು ಹಿಂಜರಿದ್ವು.

ಪ್ರಶ್ನೆ: ಹಾಗಾದ್ರೆ ಹೆರಿಗೆ ರಜೆ, ಇಂಥ ಸೌಲಭ್ಯ ಎಲ್ಲ ತೆಗೆದುಬಿಡೋದೇ ಒಳ್ಳೇದು ಅಂತೀರಾ?

ಉತ್ತರ: ಖಂಡಿತ ಇಲ್ಲ. ರಜೆ ಇಲ್ಲದ ಕಡೆ ಹೆಂಗಸರು ಹೆರಿಗೆ ಟೈಮಲ್ಲಿ ಕೆಲಸಾನೇ ಬಿಡ್ತಾರೆ, ಆಮೇಲೆ ವಾಪಸ್ ಬರೋದು ಕಷ್ಟ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2000ದಲ್ಲಿ ತಂದ 183ನೇ ಒಡಂಬಡಿಕೆ ಕನಿಷ್ಠ 14 ವಾರ ರಜೆ ಕೊಡಿ ಅನ್ನುತ್ತೆ, ಜೊತೆಗೆ ಆ ದುಡ್ಡು ಸಾಮಾಜಿಕ ವಿಮೆ ಅಥವಾ ಸರ್ಕಾರದ ನಿಧಿಯಿಂದ ಬರಬೇಕು, ಒಬ್ಬ ಮಾಲೀಕನ ತಲೆ ಮೇಲೇ ನೇರವಾಗಿ ಹಾಕಬಾರದು ಅಂತಾನೂ ಹೇಳುತ್ತೆ. ಈ ಎರಡನೇ ಭಾಗನ ಬಹಳಷ್ಟು ಕಡೆ ಮರೆತುಬಿಡ್ತಾರೆ, ನನ್ನ ಪ್ರಕಾರ ವಾರ ಎಷ್ಟು ಅನ್ನೋದಕ್ಕಿಂತ ಅದೇ ಮುಖ್ಯ.

ಇನ್ನೊಂದು, ಗಂಡಸರೂ ರಜೆ ತಗೊಳ್ಳೋ ಹಾಗೆ ಮಾಡೋದು. ನಾರ್ವೆ 1993ರಲ್ಲಿ, ಸ್ವೀಡನ್ 1995ರಲ್ಲಿ ಅಪ್ಪನಿಗೇ ಅಂತ ಒಂದು ಪಾಲು ಮೀಸಲಿಟ್ವು, ಅವನು ತಗೊಳ್ಳದಿದ್ರೆ ಅದು ಹೋಯ್ತು, ತಾಯಿಗೆ ವರ್ಗಾಯಿಸೋ ಹಾಗಿಲ್ಲ. ಅಲ್ಲೀವರೆಗೆ ಇಬ್ಬರಲ್ಲಿ ಯಾರಾದ್ರೂ ತಗೋಬೋದು ಅಂತಿದ್ದಾಗ ತಗೊಳ್ತಿದ್ದ ಅಪ್ಪಂದಿರು ತುಂಬಾ ಕಮ್ಮಿ, ಮೀಸಲಿಟ್ಟ ಮೇಲೆ ಜಾಸ್ತಿ ಆದ್ರು. ಇಂಟರ್‌ವ್ಯೂಗೆ ಬಂದ ಗಂಡಸೂ ನಾಳೆ ರಜೆ ಹೋಗ್ತಾನೆ ಅಂತ ಗೊತ್ತಿದ್ರೆ ಹೆಂಗಸಿನ ಅರ್ಜಿ ಪಕ್ಕಕ್ಕಿಡೋಕೆ ಮಾಲೀಕನಿಗೆ ಇದ್ದ ಒಂದು ಕಾರಣ ಕಮ್ಮಿ ಆಗುತ್ತೆ.

ನೀವು ಪ್ರಾಜೆಕ್ಟಿಗೆ ಡೇಟಾ ತೆಗೆಯೋದಾದ್ರೆ ನಿರುದ್ಯೋಗ ದರದಿಂದ ಶುರು ಮಾಡಬೇಡಿ, ಉದ್ಯೋಗದಲ್ಲಿರೋರ ಪ್ರಮಾಣ ತಗೊಳ್ಳಿ, ವಯಸ್ಸು ಮತ್ತೆ ಚಿಕ್ಕ ಮಗು ಇದೆಯೋ ಇಲ್ವೋ ಅನ್ನೋದರ ಪ್ರಕಾರ ಬೇರೆ ಬೇರೆ ಮಾಡಿ, ಪಾರ್ಟ್ ಟೈಮ್ ಫುಲ್ ಟೈಮ್ ಸೇರಿಸಿಬಿಡಬೇಡಿ.