ಕುದುರೆಮುಖಕ್ಕೆ ಜುಲೈಯಲ್ಲಿ ಹೋದರೆ ಜಲಪಾತ ಚೆನ್ನಾಗಿ ಕಾಣುತ್ತದೆಯೇ? ಒಂದು ದಿನ ಸಾಕಾ?

ಜುಲೈ ಬೇಡ. ನಾನೂ ನಿಮ್ಮ ಹಾಗೇ, ಮಳೆ ಜಾಸ್ತಿ ಇದ್ದರೆ ಜಲಪಾತವೂ ಜೋರು ಅಲ್ವಾ ಅಂದುಕೊಂಡು ಮೊದಲ ಸಲ ಜುಲೈಯಲ್ಲೇ ಹೋಗಿದ್ದೆ. ಹನುಮನಗುಂಡಿ ಜಲಪಾತದಲ್ಲಿ ಕೆಳಗಿಳಿಯಲು ಬಿಡಲಿಲ್ಲ. ಕಡಾಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಇದೆ, ಆದರೂ ಮಂಜಿನಲ್ಲಿ ಕೇಳಿಸಿದ್ದು ಬರೀ ಸದ್ದು. ಇಡೀ ದಿನ ನಾನು ನೋಡಿದ್ದು ಕಾರಿನ ವೈಪರ್ ಮಾತ್ರ.

ಎರಡನೇ ಸಲ ಅಕ್ಟೋಬರ್ ಕೊನೆಗೆ ಹೋದೆ. ಮಳೆ ಹಿಂದೆ ಸರಿದಿತ್ತು, ನೀರು ಮಾತ್ರ ಇನ್ನೂ ಧುಮುಕುತ್ತಿತ್ತು. ಅದಕ್ಕೆ ಕಾರಣ ಆ ಬೆಟ್ಟಗಳೇ. ಮೇಲೆಲ್ಲ ಹುಲ್ಲು, ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಇವೆರಡೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇಲ್ಲಿನ ಗಂಗಾಮೂಲ ಬೆಟ್ಟದ ಕಡೆಯೇ ಹುಟ್ಟುತ್ತವೆ. ಇಂಥ ಜಾಗದಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ಅಗೆಯುತ್ತಿದ್ದರು ಅಂದರೆ ನಂಬುತ್ತೀರಾ? ಸುಪ್ರೀಂ ಕೋರ್ಟ್ ಆದೇಶದಿಂದ ಅದು ನಿಂತಿತು. ಗಣಿಯವರು ಕಟ್ಟಿದ ಲಕ್ಯಾ ಅಣೆಕಟ್ಟು ಈಗಲೂ ಇದೆ.

ಹನುಮನಗುಂಡಿಗೆ ಹೋಗುವಾಗ ಮೊಣಕಾಲು ಗಟ್ಟಿ ಇರಲಿ. ಮೆಟ್ಟಿಲು ಇಳಿಯುವುದು ಸುಲಭ, ಹತ್ತುವಾಗ ಗೊತ್ತಾಗುತ್ತದೆ. ಬಂಡೆ ಪಾಚಿ ಕಟ್ಟಿರುತ್ತದೆ, ಫೋಟೋಗೆ ಅಂತ ಸುಮ್ನೆ ಮೇಲೆ ಹತ್ತಬೇಡಿ.

ಕಾರ್ಕಳದಿಂದ ಕಳಸದ ಕಡೆ ರಸ್ತೆಯಲ್ಲಿ ಜಲಪಾತ ನೋಡಿಕೊಂಡು ಬರುವುದಾದರೆ ಒಂದು ದಿನ ಸಾಕು. ಕಾಡಿನೊಳಗೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ, ಚೆಕ್‌ಪೋಸ್ಟ್‌ನಲ್ಲೇ ಕೇಳಿಕೊಳ್ಳಿ. ಶಿಖರ ಹತ್ತುವ ಆಸೆ ಇದ್ದರೆ ಅದಕ್ಕೇ ಪೂರ್ತಿ ಒಂದು ದಿನ ಬೇರೆ ಇಡಿ. ಮುಳ್ಳೋಡಿ ಅನ್ನೋ ಹಳ್ಳಿಯಿಂದ ಶುರು, ಹೋಗಿ ಬರಲು ಸುಮಾರು 20 ಕಿಲೋಮೀಟರ್, ಎತ್ತರ 1,890 ಮೀಟರ್‌ಗಿಂತ ಜಾಸ್ತಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಬೇಕು. ವಾರಾಂತ್ಯದ ಜಾಗ ಬೇಗ ಮುಗಿಯುತ್ತದೆ, ಸಾಧ್ಯವಾದರೆ ವಾರದ ಮಧ್ಯೆ ಹೋಗಿ.

ಇಂಬಳದ (ರಕ್ತ ಹೀರುವ ಜಿಗಣೆ) ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಕ್ಟೋಬರ್‌ನಲ್ಲೂ ಇರುತ್ತವೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ, ಜೇಬಿನಲ್ಲಿ ಒಂದು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಕಚ್ಚಿದರೆ ನೋವಾಗುವುದಿಲ್ಲ. ನನಗೆ ಗೊತ್ತಾಗಿದ್ದೇ ರೂಮಿಗೆ ಬಂದು ಸಾಕ್ಸ್ ಬಿಚ್ಚಿದಾಗ.