ನಿಜವಾದ ನಾನು ಯಾರು?

ಪ್ರಶ್ನೆ: ನಾನು ನಲವತ್ತು ದಾಟಿದ ಉದ್ಯೋಗಸ್ಥೆ. ಕಚೇರಿಯಲ್ಲಿ ನನ್ನನ್ನು ಮಿತಭಾಷಿ, ತಾಳ್ಮೆಯವಳು ಎನ್ನುತ್ತಾರೆ. ಮನೆಯಲ್ಲಿ ಸಣ್ಣಪುಟ್ಟದ್ದಕ್ಕೂ ಸಿಡುಕುತ್ತೇನೆ. ಕಾಲೇಜಿನ ಗೆಳತಿಯರ ನಡುವೆ, ನನಗೆ ಹಿಡಿಸದ ತಮಾಷೆಗೂ ಎಲ್ಲರಿಗಿಂತ ಜೋರಾಗಿ ನಗುತ್ತೇನೆ. ಮೊನ್ನೆ ಮಗಳನ್ನು ಗದರುತ್ತಿದ್ದಾಗ ಮೇಲಧಿಕಾರಿಯ ಫೋನ್ ಬಂತು. ಮರುಕ್ಷಣವೇ ನನ್ನ ದನಿ ಮೆತ್ತಗಾದುದನ್ನು ಕಂಡು ಅವಳು ಬೆರಗಾಗಿ ನೋಡಿದಳು. ನಾನು ಮುಖವಾಡ ಹಾಕಿಕೊಂಡು ಬದುಕುತ್ತಿದ್ದೇನೆಯೇ?
(ಹೆಸರು ಬೇಡ)

ಉತ್ತರ: ಮುಖವಾಡದ ಮಾತನ್ನು ಮೊದಲು ಬದಿಗಿಡೋಣ. ಒಬ್ಬ ವ್ಯಕ್ತಿಯನ್ನು ಎಷ್ಟು ಜನ ಬಲ್ಲರೋ ಅವನಿಗೆ ಅಷ್ಟು ಸಾಮಾಜಿಕ ರೂಪಗಳಿರುತ್ತವೆ ಎಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿಯೇ ಬರೆದಿದ್ದರು. ಸುತ್ತಲಿನವರು ಬದಲಾದಾಗ ನಮ್ಮ ನಡವಳಿಕೆಯ ಜೊತೆಗೆ, ನಮ್ಮ ಬಗ್ಗೆ ನಮಗಿರುವ ಕಲ್ಪನೆಯೂ ಬದಲಾಗುತ್ತದೆ. 1970ರ ದಶಕದಲ್ಲಿ ವಿಲಿಯಂ ಮೆಕ್‌ಗೈರ್ ಮತ್ತು ಸಂಗಡಿಗರು ಶಾಲಾ ಮಕ್ಕಳಿಗೆ ‘ನಿನ್ನ ಬಗ್ಗೆ ಹೇಳು’ ಎಂದಷ್ಟೇ ಕೇಳಿದಾಗ, ತರಗತಿಯ ಉಳಿದವರಿಂದ ತಮ್ಮನ್ನು ಬೇರೆಯಾಗಿಸುವ ಸಂಗತಿಗಳನ್ನೇ ಮಕ್ಕಳು ಹೆಚ್ಚಾಗಿ ಹೇಳಿಕೊಂಡರು. ಬೇರೆ ದೇಶದಲ್ಲಿ ಹುಟ್ಟಿದವರು ತಾವು ಹುಟ್ಟಿದ ಸ್ಥಳವನ್ನು ಹೇಳಿದ್ದು ಇದಕ್ಕೊಂದು ಉದಾಹರಣೆ. ತನ್ನಂಥವರ ನಡುವೆಯೇ ಕುಳಿತಿದ್ದರೆ ಆ ಮಗುವಿಗೆ ಈ ಸಂಗತಿ ನೆನಪಾಗುತ್ತಲೂ ಇರಲಿಲ್ಲವೇನೋ.

ಮನೆಯಲ್ಲಿ ತಡೆಯಿಲ್ಲದೆ ಹೊರಬೀಳುವ ಸಿಡುಕೇ ನಿಜ, ಕಚೇರಿಯ ತಾಳ್ಮೆ ಬರೀ ನಟನೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ; ನಾನು ಇದನ್ನು ಒಪ್ಪುವುದಿಲ್ಲ. ದಿನದ ದಣಿವಿನಲ್ಲಿ ಬಾಯಿಂದ ಜಾರಿದ ಮಾತಿಗೆ, ಯೋಚಿಸಿ ಆಡಿದ ಮಾತಿಗಿಲ್ಲದ ಅಧಿಕಾರ ಎಲ್ಲಿಂದ ಬರಬೇಕು? ಫೋನ್ ಬಂದ ಕ್ಷಣದಲ್ಲಿ ಮೆತ್ತಗಾದ ದನಿ, ಸಿಟ್ಟನ್ನು ತಡೆಯುವ ಶಕ್ತಿ ನಿಮ್ಮಲ್ಲಿದೆ ಎಂಬುದನ್ನೂ ತೋರಿಸುತ್ತದೆ. ಅದು ಮಗಳ ಪಾಲಿಗೆ ಏಕೆ ಸಿಗುತ್ತಿಲ್ಲ ಎಂದು ಮಾತ್ರ ನೀವು ಕೇಳಿಕೊಳ್ಳಲೇಬೇಕು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಗೆಳತಿಯರ ನಡುವಿನ ನಗು. ವಿದ್ಯಾರ್ಥಿ, ಉದ್ಯೋಗಿ, ಮಗ ಅಥವಾ ಮಗಳು, ಸ್ನೇಹಿತ, ಸಂಗಾತಿ ಎಂಬ ಐದು ಪಾತ್ರಗಳಲ್ಲಿ ಜನರ ಸ್ವಭಾವ ಹೇಗೆ ಬದಲಾಗುತ್ತದೆ ಎಂಬುದನ್ನು ಕೆನನ್ ಶೆಲ್ಡನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪರಿಶೀಲಿಸಿತು. ಪಾತ್ರದಿಂದ ಪಾತ್ರಕ್ಕೆ ತೀರಾ ಬದಲಾಗುವವರಲ್ಲಿ ನೆಮ್ಮದಿ ಕಡಿಮೆಯಿತ್ತು ಎಂಬುದು ನಿಜ. ಆದರೆ ಆಯಾ ಪಾತ್ರದಲ್ಲಿ ತಾನು ತಾನಾಗಿಯೇ ಇದ್ದೇನೆ ಎಂಬ ಭಾವನೆ ಇದೆಯೇ ಇಲ್ಲವೇ ಎಂಬುದೂ ಅಷ್ಟೇ ಮುಖ್ಯವಾಗಿ ಕಂಡುಬಂತು. ಕಚೇರಿಯ ಮಿತಭಾಷೆ ನಿಮಗೆ ಹೊರೆಯೆನಿಸಿದಂತಿಲ್ಲ, ಈ ನಗು ಮಾತ್ರ ಹೊರೆಯಾಗಿದೆ. ಮುಂದಿನ ಸಲ ಗೆಳತಿಯರು ಸೇರಿದಾಗ ಅಂಥ ತಮಾಷೆಗೆ ನಗದೆ ಸುಮ್ಮನಿದ್ದು ನೋಡಿ. ವಾದಕ್ಕಿಳಿಯುವ ಅಗತ್ಯವಿಲ್ಲ. ಬಹುಶಃ ಯಾರೂ ಗಮನಿಸುವುದಿಲ್ಲ. ಗಮನಿಸಿ ಕೇಳಿದರೆ, ಹಿಡಿಸಲಿಲ್ಲವೆಂದು ಹೇಳಿದರೆ ಸಾಕು.